ನಡುವಿಗೆ ಕಟ್ಟಿದ ಗಂಟೆ

ನಿಧಾನವಾಗಿ ಮಾಡುವ ಕೆಲಸ ಯಾವುದೂ ನನಗೆ ಬರುವುದಿಲ್ಲ. ಇದನ್ನು ನಾನು ಬಹಳ ವರ್ಷ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದವಳು. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಇಪ್ಪತ್ತನಾಲ್ಕು ವರ್ಷವಾಯಿತು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್, ಇವೆರಡು ಇಲ್ಲದೆ ಮನೆಯಿಂದ ಹೊರಬಿದ್ದವಳಲ್ಲ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎಂಟು ರೊಟ್ಟಿ ಬಡಿದು, ಪಲ್ಲೆ ಒಗ್ಗರಿಸಿ, ಸ್ಕೂಟಿ ಹೊರಗೆ ತೆಗೆದಿರುತ್ತೇನೆ. ನಮ್ಮ ಮನೆಯವರು ಊಟಕ್ಕೆ ಕೂತರೆ ತಾಟು ತೊಳೆಯಲು ನಾನು ಎದುರಿಗೇ ಕಾಯುತ್ತ ನಿಂತಿರುತ್ತೇನೆ. "ಇಕಿ ಮುಂದ ಉಣ್ಣೂದಂದ್ರ ಪರೀಕ್ಷಾ ಬರದಂಗ ನೋಡ್ರಿ, ತಲಿ ಎತ್ತೂದರಾಗ ಪೇಪರ್ ಕಸಗೋತಾಳ" ಎಂದು ಅವರು ಬಂದ ಬೀಗರ ಮುಂದೆಲ್ಲ ಹೇಳುತ್ತಾರೆ.

ಓಟದಲ್ಲೂ ನಾನು ಹೀಗೆಯೇ. ಕಾಲೇಜಿನಲ್ಲಿದ್ದಾಗ ಗೋಕಾಕದ ಮೈದಾನದಲ್ಲಿ ಸಾವಿರದ ಐನೂರು ಮೀಟರಿಗೆ ನಾಲ್ಕು ಸಲ ನಿಂತಿದ್ದೆ. ನಾಲ್ಕೂ ಸಲ ಮೊದಲ ಸುತ್ತಿನಲ್ಲಿ ನಾನೇ ಮುಂದೆ. ಜನ ಚಪ್ಪಾಳೆ ತಟ್ಟುವುದು, ನನ್ನ ಜಡೆ ಹಾರುವುದು, ಹಿಂದಿನವರು ಚಿಕ್ಕದಾಗುತ್ತ ಹೋಗುವುದು ಎಲ್ಲ ಚೆಂದ ಇರುತ್ತಿತ್ತು. ಮೂರನೆಯ ಸುತ್ತಿಗೆ ಹೊಟ್ಟೆಯಲ್ಲಿ ಚಳಕು ಹಿಡಿದು, ಆ ಚಿಕ್ಕದಾದವರೆಲ್ಲ ದೊಡ್ಡದಾಗಿ ಬಂದು ನನ್ನನ್ನು ದಾಟಿ ಹೋಗುತ್ತಿದ್ದರು. ನಾನು ಸುಣ್ಣದ ಗೆರೆಯ ಪಕ್ಕ ಕೂತು ವಾಂತಿ ಮಾಡಿಕೊಳ್ಳುತ್ತಿದ್ದೆ. ಒಮ್ಮೆಯೂ ಓಟ ಮುಗಿಸಲಿಲ್ಲ. ಕಾರಣ ಮಾತ್ರ ನನ್ನ ಬಳಿ ಯಾವಾಗಲೂ ಸಿದ್ಧವಿತ್ತು. ಒಂದು ಸಲ ಬಿಸಿಲು, ಒಂದು ಸಲ ಬೂಟು, ಒಂದು ಸಲ ಸೋದರತ್ತೆ ಹಿಂದಿನ ದಿನ ಮಾಡಿದ ಹೋಳಿಗೆ.

ನಾನು ಮುಂದೆ ಹೋಗಲಿಕ್ಕೇ ಹುಟ್ಟಿದವಳು ಎಂಬ ನಂಬಿಕೆ ನನಗೆ ಬಂದದ್ದು ಒಂದು ಹಿತ್ತಾಳೆ ಗಂಟೆಯಿಂದ. ನಮ್ಮದು ಹುಕ್ಕೇರಿ ತಾಲೂಕಿನ ಕುರುಬರ ಮನೆ. ದೀಪಾವಳಿ ಮುಗಿಯುತ್ತಲೇ ಅಪ್ಪ ಕುರಿ ಹೊಡೆದುಕೊಂಡು ಕೆಳಗಿನ ಊರುಗಳ ಹೊಲಗಳಿಗೆ ಇಳಿಯುತ್ತಿದ್ದ. ನಾನು ನಾಲ್ಕೈದು ವರ್ಷದವಳಿದ್ದಾಗ ಅವ್ವನ ಜೊತೆ ಹಿಂಡಿನೊಂದಿಗೇ ನಡೆಯುತ್ತಿದ್ದೆ. ಆ ವರ್ಷ ಅಪ್ಪ ಅಂಚು ತಗ್ಗು ಬಿದ್ದ ಹಿಂಡಿನ ಗಂಟೆಯನ್ನು ತಂದು ನನ್ನ ನಡುವಿನ ಉಡದಾರಕ್ಕೆ ಕಟ್ಟಿದ್ದ. ಎಲ್ಲ ಕುರುಬರೂ ಗಂಟೆ ಕಟ್ಟುವುದು ಮುಂದಾಳು ಟಗರಿನ ಕೊರಳಿಗೆ ಎಂದು ಅಷ್ಟು ಸಣ್ಣವಳಿಗೂ ಗೊತ್ತಿತ್ತು. ಅಂದಮೇಲೆ ಇಡೀ ಹಿಂಡಿಗೆ ನಾನೇ ಮುಂದಾಳು! ಆರನೆಯ ವರ್ಷಕ್ಕೆ ನನ್ನನ್ನು ಗೋಕಾಕದ ಸೋದರತ್ತೆಯ ಮನೆಯಲ್ಲಿ ಸಾಲೆಗೆ ಬಿಟ್ಟರು. ಆಮೇಲೆ ಹಿಂಡಿನ ಜೊತೆ ಹೋದದ್ದಿಲ್ಲ. ಆದರೆ ಆ ಗಂಟೆಯ ಕತೆಯನ್ನು ಒಂದನೆಯ ತರಗತಿಯಿಂದ ಹೇಳುತ್ತಲೇ ಬಂದು, ಹೋದ ವರ್ಷ ಪ್ರಾರ್ಥನೆಯ ಹೊತ್ತಿಗೆ ನಮ್ಮ ಸಾಲೆಯ ಮಕ್ಕಳ ಮುಂದೆಯೂ ಹೇಳಿದ್ದೇನೆ.

ಈ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಎದೆ ಹಿಡಿಯಿತು. ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿದರು. ಮುಂದಿನ ತಪಾಸಣೆಯೆಲ್ಲ ಗೋಕಾಕದ ಒಂದು ದವಾಖಾನೆಯಲ್ಲಿ ಎಂದಾಯಿತು. ಎಪ್ಪತ್ತನಾಲ್ಕು ವರ್ಷದ ಅಪ್ಪನಿಗೆ ಸ್ಟೆಂಟಿನ ಚಿಂತೆ ಇರಲಿಲ್ಲ. ಗೋಕಾಕದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುತ್ತಿರುವಾಗಲೇ ಕೇಳಿಬಿಟ್ಟ.

"ಸಾಹೇಬ್ರ, ದೀಪಾವಳಿ ಆದಮ್ಯಾಲ ಕುರಿ ಇಳೀತಾವ್ರಿ. ನಾ ಸಂಗಾಟ ಹೋಗಬೇಕ್ರಿ."

ಡಾಕ್ಟರು ನನ್ನ ಮುಖ ನೋಡಿದರು, ನಾನು ತಮ್ಮನ ಮುಖ ನೋಡಿದೆ. ಹಿಂಡು ಈಗ ತಮ್ಮನ ಕೈಯಲ್ಲಿದೆ. ಅವನು ತಲೆ ಕೆರೆದುಕೊಂಡು, "ನಡು ದಾರ್ಯಾಗ ಏನರ ಆದ್ರ ನಾ ಕುರಿ ನೋಡ್ಲ್ಯೋ ಅಪ್ಪನ್ನ ನೋಡ್ಲ್ಯೋ?" ಎಂದ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಐವತ್ತು ವರ್ಷ ಹಿಂಡಿನ ಮುಂದೆ ನಡೆದ ಮನುಷ್ಯ. ಮನೆಯಲ್ಲಿ ಕೂರಿಸಿದರೆ ಎದೆ ನೆಟ್ಟಗಾಗಬಹುದು, ಆದರೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತು.

ಡಾಕ್ಟರು ತಿಳಿದವರು. ಒಂದು ದಾರಿ ಹೇಳಿದರು. ದೀಪಾವಳಿಯ ಮುಂಚೆ ದವಾಖಾನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ನೋಡುತ್ತಾರೆ. ನಡುವೆ ನಿಲ್ಲದೆ, ಏದುಸಿರು ಬಿಡದೆ ನಡೆದರೆ ಕುರಿಯ ಜೊತೆ ಕಳಿಸುವ ಮಾತು. ಇಲ್ಲದಿದ್ದರೆ ಇಲ್ಲ. "ಅಲ್ಲೀ ತನಕ ದಿನಾ ನಡೀರಿ ಅಜ್ಜಾರ. ಮಾತಾಡಕೋಂತ ನಡೀಬೇಕು. ಮಾತು ತುಂಡಾತಂದ್ರ ಜೋರಾತು ಅಂತ ತಿಳ್ಕೋರಿ" ಎಂದರು.

ಮಾತಾಡುತ್ತ ನಡೆಯುವುದು! ಇದೂ ಒಂದು ತಾಲೀಮೇ? ನಾನು ಔಷಧದ ಹೆಸರೆಲ್ಲ ಬರೆದುಕೊಂಡೆ, ಈ ಮಾತು ಬರೆದುಕೊಳ್ಳಲಿಲ್ಲ. "ಅಪ್ಪನ್ನ ನನಗ ಬಿಡ್ರಿ" ಎಂದು ಅವನನ್ನು ಮೂಡಲಗಿಗೆ ಕರೆತಂದೆ. ಆರು ನಿಮಿಷದ ನಡಿಗೆ ಕಲಿಸಲು ಪಿ.ಟಿ. ಟೀಚರಿಗಿಂತ ಬೇರೆ ಯಾರು ಬೇಕು?

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಸಾಲೆಯ ಮೈದಾನ. ಅಪ್ಪನಿಗೆ ಬಿಳಿ ಬೂಟು ತಂದೆ. ಧೋತರ, ರುಮಾಲು, ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಬೂಟು. ನಾಲ್ಕು ಹೆಜ್ಜೆ ಹಾಕಿ, "ಇದರಾಗ ನೆಲಾನ ಗೊತ್ತಾಗೂದಿಲ್ಲಲ್ಲವಾ" ಎಂದ. ಸುಣ್ಣದ ಗೆರೆ ತೋರಿಸಿ ನಡಿ ಎಂದೆ. ಒಂದು ಸುತ್ತು ಬಂದು ಹೊರಟ ಜಾಗಕ್ಕೇ ಮುಟ್ಟಿದಾಗ ಅಪ್ಪನಿಗೆ ಅನುಮಾನ ಬಂತು.

"ಯವ್ವಾ, ಎಲ್ಲಿಗಿ ಹೊಂಟೇವಿ ನಾವು?"

"ಎಲ್ಲಿಗೂ ಇಲ್ಲಪಾ. ಇಲ್ಲೇ ಸುತ್ತೂದು."

"ಮೇದ ಹೊಲದಾಗ ಮತ್ತ ಯಾಕ ತಿರಗೂದು?"

ಸುಮ್ಮನೆ ನಡಿ ಎಂದೆ. ನಡೆದ. ಆದರೆ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಎಡಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದ. ಯಾರನ್ನ ನೋಡ್ತೀ ಎಂದರೆ ಯಾರನ್ನೂ ಇಲ್ಲ ಎನ್ನುವುದು, ಮತ್ತೆ ಇಪ್ಪತ್ತು ಹೆಜ್ಜೆ, ಮತ್ತೆ ತಿರುಗುವುದು. ಒಂದು ಸುತ್ತಿಗೆ ಹನ್ನೊಂದು ಸಲ ಎಣಿಸಿದೆ. ಕಂಪೌಂಡಿನ ಬದಿಗೆ ಹುಲ್ಲು ಕಂಡರೆ ಕಾಲು ತಾನಾಗಿಯೇ ಆ ಕಡೆ ವಾಲುತ್ತಿತ್ತು. ಜಾಲಿಯ ಮರದ ಕೆಳಗೆ ಬಗ್ಗಿ ಕಾಯಿ ಆರಿಸಿ ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದ. ಅಲ್ಲಿ ತಿನ್ನಲು ಒಂದು ಮರಿಯೂ ಇಲ್ಲ. ನಿಂತಾಗಲೆಲ್ಲ ನಾನು ಸೀಟಿ ಊದುತ್ತಿದ್ದೆ. ನಾಲ್ಕೇ ದಿನಕ್ಕೆ ಪಕ್ಕದ ಓಣಿಯ ಹೆಂಗಸೊಬ್ಬಳು ಕಂಪೌಂಡಿನ ಮೇಲಿಂದ ಇಣುಕಿ, "ಅಕ್ಕೋರ, ಹಿರ್ಯಾರಿಗೆ ಹಂಗ ಸೀಟಿ ಹೊಡೀಬ್ಯಾಡ್ರಿ, ನಮ್ಮ ಕೂಸು ಎದ್ದು ಕುಂದ್ರತೈತಿ" ಎಂದಳು.

ಓಟದ ತಾಲೀಮಿಗೆ ಬರುವ ನಮ್ಮ ಹುಡುಗಿಯರಿಗೆ ಮಾತ್ರ ಅಪ್ಪನೆಂದರೆ ಹಬ್ಬ. ಒಂದು ದಿನ ನಾನು ಸಾಲು ಮಾಡಿ ಸಾಲು ಮಾಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಅಪ್ಪ ಅವರ ಹಿಂದೆ ಹೋಗಿ ನಿಂತು, ನಾಲಿಗೆಯಿಂದ ಟುರ್ರ್ ಎಂದು ಒಂದು ಸದ್ದು ಹೊರಡಿಸಿದ. ಹದಿನಾಲ್ಕು ಹುಡುಗಿಯರೂ ಕಿಸಕ್ಕನೆ ನಕ್ಕು ಒತ್ತಾಗಿ ಸೇರಿ ಒಂದೇ ಹೆಜ್ಜೆಯಲ್ಲಿ ಹೊರಟರು. ಇಪ್ಪತ್ತನಾಲ್ಕು ವರ್ಷದಲ್ಲಿ ಅಷ್ಟು ಒಳ್ಳೆಯ ಸಾಲು ನಾನು ಮಾಡಿಸಿದ್ದಿಲ್ಲ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ.

ತಿಂಗಳೊಪ್ಪತ್ತಿನಲ್ಲಿ ಅಪ್ಪನನ್ನು ನನ್ನ ದಾರಿಗೆ ತಂದೆ. ನಿಲ್ಲುವುದು ಬಂದ್. ಹಿಂದೆ ನೋಡುವುದು ಬಂದ್. ಜಾಲಿಕಾಯಿ ಬಂದ್. ದಿನಕ್ಕೆ ಎರಡು ಮೂರು ಸೆಕೆಂಡು ಕಡಿಮೆ ಮಾಡಿಸುತ್ತ ಹೋದೆ. ಮಗಳಿಗೆ ಬೇಸರ ಆಗಬಾರದೆಂದು ಅವನು ಮಾಡುತ್ತ ಹೋದ. ಮೊದಮೊದಲು ನಡೆಯುವಾಗ ಮಳೆ, ಮೇವು, ಯಾವುದೋ ಊರಿನ ಗೌಡರ ಹೊಲ ಎಂದು ಏನಾದರೂ ಹೇಳುತ್ತಲೇ ಇದ್ದವನು ಈಗ ತುಟಿ ಬಿಗಿಹಿಡಿದು ನಡೆಯತೊಡಗಿದ. ಲಕ್ಷ್ಯ ಬಂತು ಎಂದು ನನಗೆ ಖುಷಿಯೋ ಖುಷಿ.

ದೀಪಾವಳಿಗೆ ಹತ್ತು ದಿನ ಇರುವಾಗ ಗೋಕಾಕಕ್ಕೆ ಹೋದೆವು. ದವಾಖಾನೆಯ ಪಡಸಾಲೆಯ ಎರಡೂ ತುದಿಗೆ ಕೆಂಪು ಪ್ಲಾಸ್ಟಿಕ್ ಕೋನ್ ಇಟ್ಟಿದ್ದರು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ನಡೆಯಬೇಕು. ನರ್ಸಬಾಯಿ ಅಪ್ಪನ ಬೆರಳಿಗೆ ಉಸಿರಿನ ಅಳತೆ ತೋರಿಸುವ ಚಿಮಟಿಗೆಯಂಥ ಒಂದು ಯಂತ್ರ ಸಿಕ್ಕಿಸಿ, ಗಡಿಯಾರ ನೋಡಿ, ಸುರು ಮಾಡ್ರಿ ಎಂದಳು. ಅಪ್ಪ ಬಿಟ್ಟ ಬಾಣ! ಹೊಸ ಬೂಟು ಕೀಂಕೀಂ ಎನ್ನುತ್ತಿತ್ತು. ನಾನು ಬೆಂಚಿನ ಮೇಲೆ ಕೂರಲಾರದೆ ಎದ್ದು ನಿಂತು, "ಜೋರ ಅಪ್ಪಾ, ಜೋರ!" ಎಂದು ಕೂಗಿದೆ. ಮೊದಲ ಒಂದೂವರೆ ನಿಮಿಷ ನೋಡಿದವರು ಈ ಮುದುಕ ಪೊಲೀಸ್ ಭರ್ತಿಗೆ ಬಂದಿದ್ದಾನೆ ಎನ್ನಬೇಕು. ಮೂರನೆಯ ನಿಮಿಷಕ್ಕೆ ಅಪ್ಪನ ಕೈ ಗೋಡೆ ಹುಡುಕಿತು.

ಗೋಡೆ ಹಿಡಿದು ನಿಂತವನ ಎದೆ ಏರಿ ಇಳಿಯುತ್ತಿತ್ತು. ಬೆರಳಿನ ಯಂತ್ರ ಕೂಗತೊಡಗಿತು. ನರ್ಸಬಾಯಿ ಓಡಿ ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಅಪ್ಪ ನನ್ನ ಕಡೆ ನೋಡಿದ. ಮಾತು ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

"ತಪ್ಪಾತೇನವಾ?"

ಆ ಮಾತು ಈಗ ನೆನೆದರೂ ನನಗೆ ಕಣ್ಣು ತುಂಬುತ್ತದೆ. ಡಾಕ್ಟರು ಬಂದು ನೋಡಿ, ಅಪಾಯ ಏನಿಲ್ಲ ಎಂದು ಹೇಳಿ, ಇಪ್ಪತ್ತು ದಿನ ಬಿಟ್ಟು ಇನ್ನೊಂದು ಸಲ ನೋಡೋಣ ಎಂದರು. "ಆಗೂ ಹಿಂಗಾದ್ರ ಈ ವರ್ಷ ಕುರಿ ಮರೀರಿ ಅಜ್ಜಾರ" ಎಂದು ಮೆಲ್ಲಗೆ ಹೇಳಿ ನನ್ನ ಕಡೆ ತಿರುಗಿದರು. "ಟೀಚರ, ಮಾತಾಡಕೋಂತ ನಡಸ್ರಿ ಅಂದಿದ್ನಿ. ನಡಸಿದ್ರೇನು?"

ಇಲ್ಲ ಎಂದೆ. ಕೊಡಲು ಕಾರಣ ಒಂದೂ ಇರಲಿಲ್ಲ. ಗೋಕಾಕದ ಮೈದಾನದಲ್ಲಿ ನಾಲ್ಕು ಸಲ ನಾನು ಮಾಡಿಕೊಂಡ ತಪ್ಪನ್ನೇ ಅಪ್ಪನ ಎದೆಯ ಮೇಲೆ ಐದನೆಯ ಸಲ ಮಾಡಿದ್ದೆ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಯಾರದೋ ಹೊಲದಲ್ಲಿ ಕುರಿ ಕಂಡಾಗ ಕತ್ತು ಹೊರಳಿಸಿ, ಕಾಣುವಷ್ಟು ದೂರ ಅವನ್ನೇ ನೋಡಿದ. ನನ್ನ ಮೇಲೆ ನನಗೆ ಬಂದ ಸಿಟ್ಟು ಮನೆಗೆ ಬಂದು ಕುಕ್ಕರಿನ ಮೇಲೆ ತೀರಿತು.

ದೀಪಾವಳಿ ಆಯಿತು. ತಮ್ಮ ಕುರಿ ಇಳಿಸಿಕೊಂಡು ಬಂದು ತುಕ್ಕಾನಟ್ಟಿಯಲ್ಲಿ ಒಬ್ಬ ರೈತನ ಹೊಲದಲ್ಲಿ ನಿಲ್ಲಿಸಿದ್ದ. ಗೋವಿನಜೋಳ ಕಿತ್ತ ಹೊಲ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಅಲ್ಲಿ ಎರಡು ವಾರ ಇದ್ದು ಮುಂದೆ ಹೋಗುವವನಿದ್ದ. ಬರೀ ಕಣ್ಣಿಲೆ ನೋಡಿ ಬರ್ತೇನಿ ಎಂದು ಅಪ್ಪ ಹಟ ಹಿಡಿದ. ರವಿವಾರ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ.

ಹೊಲ ಮುಟ್ಟುತ್ತಲೇ ಅಪ್ಪ ಬೂಟು ಬಿಚ್ಚಿ ಒಂದರೊಳಗೊಂದು ಸೇರಿಸಿ ಬದುವಿನ ಮೇಲಿಟ್ಟ. ತಮ್ಮನ ಹಳೆಯ ಕೆರ ಮೆಟ್ಟಿದ, ಬಡಿಗೆ ಹಿಡಿದ. ಕಾಲುವೆಯ ಬದಿಗೆ ಕುರಿ ಹೊರಟವು, ಅಪ್ಪ ಮುಂದೆ ಹೊರಟ. ನಾನು ರೂಢಿಯ ಮೇಲೆ ಸ್ಟಾಪ್‌ವಾಚ್ ಒತ್ತಿ ಅವನ ಪಕ್ಕಕ್ಕೆ ಹೋದೆ.

ಅದು ನಡಿಗೆಯಾದರೂ ಎಂಥದು! ಹತ್ತು ಹೆಜ್ಜೆ ಹಾಕುವುದು, ತುಸು ತಡೆಯುವುದು, ಎಡಭುಜದ ಮೇಲಿಂದ ತಿರುಗುವುದು, ಮತ್ತೆ ಹೊರಡುವುದು. ಬಾಯಿ ಮಾತ್ರ ಒಂದು ಗಳಿಗೆ ನಿಲ್ಲಲಿಲ್ಲ. ಕುರಿಗೊಂದು ಮಾತು, ನನಗೊಂದು ಮಾತು. ನಾನು ಅವನ ಹೆಜ್ಜೆಗೆ ಹೆಜ್ಜೆ ಕೊಡಲಾರದೆ ಮುಂದೆ ಹೋಗುವುದು, ನಾಚಿ ಹಿಂದೆ ಬರುವುದು, ಮತ್ತೆ ಮುಂದೆ ಹೋಗುವುದು ಮಾಡಿ ಮಾಡಿ ಸುಸ್ತಾದೆ. ವಾಚ್ ನೋಡಿದರೆ ಐವತ್ತೆರಡು ನಿಮಿಷ! ಪಡಸಾಲೆಯಲ್ಲಿ ಮೂರು ನಿಮಿಷಕ್ಕೆ ಗೋಡೆ ಹಿಡಿದವನು ಇಲ್ಲಿ ಮಾತೇ ತುಂಡಾಗದೆ ಮುಕ್ಕಾಲು ತಾಸಿಗೂ ಹೆಚ್ಚು ನಡೆದಿದ್ದ. ಬೆವರಿದ್ದು ನಾನು.

ಆಗ ಇನ್ನೊಂದು ಕಂಡಿತು. ಹಿಂದೆ ಎಲ್ಲೋ ಗಂಟೆಯ ಸದ್ದು ಬರುತ್ತಿತ್ತು. ಅದು ಸಣ್ಣದಾದಾಗ ಅಪ್ಪನ ಹೆಜ್ಜೆಯೂ ಸಣ್ಣದಾಗುತ್ತಿತ್ತು. ಸದ್ದು ಹತ್ತಿರ ಬಂದರೆ ಹೆಜ್ಜೆ ಉದ್ದವಾಗುತ್ತಿತ್ತು. ನನ್ನ ಜೊತೆ ಮಾತಾಡುತ್ತಲೇ ಕಿವಿಯನ್ನು ಅಲ್ಲಿಟ್ಟಿದ್ದ. ಹಿಂಡಿನ ಬಾಲಕ್ಕೆ ಹೋಗಿ ನೋಡಿದೆ. ಎಲ್ಲಕ್ಕಿಂತ ಹಿಂದೆ ಬರುತ್ತಿದ್ದ ಒಂದು ಕುಂಟ ಕುರಿಯ ಕೊರಳಲ್ಲಿ ಗಂಟೆ ಇತ್ತು. ಅದೇ ಹಿತ್ತಾಳೆಯ ಗಂಟೆ, ಅದೇ ತಗ್ಗು ಬಿದ್ದ ಅಂಚು. ಓಡಿ ಮತ್ತೆ ಅಪ್ಪನ ಹತ್ತಿರ ಬಂದೆ.

"ಅಪ್ಪಾ, ಗಂಟಿ ಮುಂದಿನ ಟಗರಿಗೆ ಕಟ್ಟತಾರಲ್ಲ?"

"ಮಂದಿ ಕಟ್ಟತಾರ. ಮುಂದಿಂದು ಕಣ್ಣಿಗಿ ಕಾಣ್ತೈತಿ, ಅದಕ್ಕ್ಯಾಕ ಗಂಟಿ? ನಾ ಯಾವತ್ತಿದ್ರೂ ಹಿಂದ ಬೀಳೂದಕ್ಕ ಕಟ್ಟೂದು. ಅದರ ಸಪ್ಪಳ ಕೇಳಕೋಂತ ನಡದ್ರ ಯಾವದೂ ತಪ್ಪೂದಿಲ್ಲ."

ನನ್ನ ಕೈ ತಾನಾಗಿಯೇ ನಡುವಿಗೆ ಹೋಯಿತು.

"ಮತ್ತ ನನ್ನ ನಡಕ್ಕ ಯಾಕ ಕಟ್ಟಿದ್ದಿ?"

ಅಪ್ಪ ನಿಂತು ನನ್ನನ್ನು ನೋಡಿ ಬಾಯಿ ತುಂಬ ನಕ್ಕ. "ಮತ್ತ ಆ ವರ್ಷ ನಿನಗಿಂತ ಹಿಂದ ಬೀಳಾವರು ಯಾರಿದ್ರವಾ? ಒಂದು ಹುಳ ಕಂಡ್ರ ಕುಂದರತಿದ್ದಿ, ಒಂದು ಕಲ್ಲು ಕಂಡ್ರ ಕುಂದರತಿದ್ದಿ."

ಹಿಂದಿನಿಂದ ಬಂದ ತಮ್ಮನಿಗೆ ಇದು ಕೇಳಿಸಿ ಅವನು ಬದುವಿನ ಮೇಲೆ ಕೂತೇ ಬಿಟ್ಟ. "ಅಕ್ಕಾ, ಸಾಲ್ಯಾಗ ಹೇಳೀಯಲ್ಲ, ಮುಂದಾಳು ಅಂತ!" ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಇಪ್ಪತ್ತನಾಲ್ಕು ವರ್ಷದ ಭಾಷಣ ಮಣ್ಣುಪಾಲಾಗಿತ್ತು.

ಆದರೆ ಅಪ್ಪ ನಡೆಯುತ್ತ ಹೇಳಿದ ಉಳಿದ ಕತೆ ಕೇಳಿದಾಗ ನಗು ನಿಂತಿತು. ಆ ವರ್ಷ ಇನ್ನೂರಕ್ಕೂ ಹೆಚ್ಚು ಕುರಿ ಇದ್ದವಂತೆ. ಜೊತೆಗೆ ಹೊರಟ ಬೇರೆ ಹಿಂಡುಗಳೆಲ್ಲ ಮುಂದೆ ಹೋಗಿ ಒಳ್ಳೆಯ ಹೊಲ ಹಿಡಿದವಂತೆ. ನಾವು ಎಲ್ಲ ಕಡೆಗೂ ತಡ. ಮಂದಿಯ ಕುರಿ ಮೇದು ಬಿಟ್ಟದ್ದೇ ನಮಗೆ. ಕೂಸನ್ನು ಹೊತ್ತುಕೊಂಡು ಜೋರಾಗಿ ನಡೆಯೋಣ ಎಂದು ಅವ್ವ ದಿನಾ ಜಗಳ ಮಾಡುತ್ತಿದ್ದಳಂತೆ.

"ಹೊತ್ಕೊಂಡ್ರ ಆಕ್ಕಿತ್ತಲ್ಲಪಾ?"

"ಹೊತ್ಕೊಂಡ್ರ ನೀ ಅಳತಿದ್ದಿ. ನಡೀತೇನಿ ಅಂತಿದ್ದಿ. ನಡೀಲಿ ಬಿಡು ಅಂದ್ನಿ."

ಇನ್ನೂರು ಕುರಿ ನನ್ನ ಕಾಲಿಗೆ ತಕ್ಕಂತೆ ನಡೆದಿದ್ದವು. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಮುಂದಿದ್ದೇನೆ ಎಂದುಕೊಂಡೇ ದೊಡ್ಡವಳಾಗಿದ್ದೆ. ಅಪ್ಪನ ಮುಖ ನೋಡುವ ಧೈರ್ಯವಾಗದೆ ಕಾಲುವೆಯ ನೀರು ನೋಡುತ್ತ ನಡೆದೆ. ಅಂದು ಮೊದಲ ಸಲ ನನ್ನ ಹೆಜ್ಜೆ ಅವನ ಹೆಜ್ಜೆಗೆ ಕೂಡಿತು.

ಸಂಜೆ ತಮ್ಮನಿಂದ ಗಂಟೆ ಇಸಿದುಕೊಂಡು ಬಂದೆ. ಮರುದಿನದಿಂದ ಸಾಲೆಯ ಮೈದಾನ ಬಿಟ್ಟು ತುಕ್ಕಾನಟ್ಟಿಯ ದಾರಿ ಹಿಡಿದೆವು. ಅಪ್ಪ ಮುಂದೆ, ಕಾಲಲ್ಲಿ ತನ್ನ ಕೆರ. ನಾನು ಹತ್ತು ಹೆಜ್ಜೆ ಹಿಂದೆ, ನಡುವಿಗೆ ಗಂಟೆ. ಸೀಟಿ ಮನೆಯಲ್ಲಿ. ಕಬ್ಬಿನ ಟ್ರ್ಯಾಕ್ಟರಿನವರು ಹಾಡು ಸಣ್ಣದು ಮಾಡಿ ನಮ್ಮನ್ನು ನೋಡಿ ಹೋಗುತ್ತಿದ್ದರು. "ಅಕ್ಕೋರ, ಇದೇನ್ರಿ ಹೊಸಾ ಪಿ.ಟಿ.?" ಎಂದು ಒಬ್ಬ ಕೇಳಿಯೂ ಬಿಟ್ಟ. ಹೌದು, ಹೊಸಾದು ಎಂದೆ. ನಾನು ತಡೆದರೆ ಅಪ್ಪ ತಡೆಯುತ್ತಿದ್ದ, ನಾನು ಹೊರಟರೆ ಹೊರಡುತ್ತಿದ್ದ. ಹಿಂದೆ ಕಾಯಲು ಒಂದು ಜೀವ ಇದೆ ಎಂದಾದರೆ ಅವನ ಎದೆ ತನ್ನ ಲೆಕ್ಕ ತಾನೇ ಹಿಡಿಯುತ್ತಿತ್ತು. ದಾರಿಯುದ್ದಕ್ಕೂ ಮಾತು. ನಮ್ಮ ಅಜ್ಜನ ಸುದ್ದಿ, ಅವ್ವನನ್ನು ನೋಡಲು ಹೋದ ದಿನದ ಸುದ್ದಿ, ಯಾವ ಹೊಲದ ಬೇವಿನ ನೆರಳು ತಂಪು ಎಂಬ ಸುದ್ದಿ. ಐವತ್ತು ವರ್ಷದ ಮಗಳಿಗೆ ಇಷ್ಟು ಮಾತು ಉಳಿಸಿಟ್ಟಿದ್ದನೆಂದು ನನಗೆ ತಿಳಿದಿರಲಿಲ್ಲ.

ಹುಡುಗಿಯರ ತಾಲೀಮೂ ಬದಲಾಯಿತು. ಮೊದಲ ಸುತ್ತು ಪಕ್ಕದವಳ ಜೊತೆ ಮಾತಾಡುತ್ತ ಓಡಿ ಎಂದೆ. ಟೀಚರಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದರು. ನನ್ನ ಹಾಗೆಯೇ ಮೂರನೆಯ ಸುತ್ತಿಗೆ ಕೂತುಬಿಡುವ ಒಬ್ಬಳು ಅವರಲ್ಲಿದ್ದಳು. ಆ ವಾರ ಅವಳು ಮೊದಲ ಸಲ ಓಟ ಮುಗಿಸಿದಳು, ನಾಲ್ಕನೆಯವಳಾಗಿ. ಮೊದಲು ಬಂದವಳಿಗೆ ನಾನು ಅಷ್ಟು ಚಪ್ಪಾಳೆ ಹೊಡೆದಿರಲಿಲ್ಲ.

ಎರಡನೆಯ ಸಲ ದವಾಖಾನೆಗೆ ಹೋದಾಗ ಪಡಸಾಲೆಯ ಬಾಗಿಲಲ್ಲೇ ನರ್ಸಬಾಯಿ ನಮ್ಮನ್ನು ತಡೆದಳು.

"ಏನ್ರಿ ಇದು ನಡುವಿಗೆ? ದವಾಖಾನ್ಯಾಗ ಗಂಟಿ ಬಾರಸ್ತಾರೇನ್ರಿ?"

ಬಾರಿಸುವುದಿಲ್ಲ, ಸುಮ್ಮನೆ ನಡೆಯುತ್ತೇನೆ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಡಾಕ್ಟರು ಹೊರಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ, ಕುಂಟ ಕುರಿಯಿಂದ ಹಿಡಿದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಬಾಜೂ ನಡೀಬ್ಯಾಡ್ರಿ, ಎಳೀಬ್ಯಾಡ್ರಿ, ಕೂಗಬ್ಯಾಡ್ರಿ. ಹಿಂದ ನಡದ್ರ ನಂದೇನು ತಕರಾರಿಲ್ಲ" ಎಂದರು.

ಅಪ್ಪ ಹೊರಟ. ನಾನು ಹಿಂದೆ. ಗಂಟೆ ಟಣ್ ಟಣ್ ಎನ್ನುತ್ತಿದ್ದಂತೆ ವಾರ್ಡಿನ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಸಲಾಯಿನ್ ಹಚ್ಚಿಕೊಂಡ ಒಬ್ಬ ಮುದುಕ ಅದರ ಕೋಲನ್ನೂ ಎಳೆದುಕೊಂಡು ನೋಡಲು ಬಂದ. ಕೆಂಪು ಕೋನಿನ ಹತ್ತಿರ ಅಪ್ಪ ಆರಾಮಾಗಿ ತಿರುಗಿದ. ನಡುವೆ ಎಡಭುಜದ ಮೇಲಿಂದ ನನ್ನನ್ನು ನೋಡಿದ. ಮೂರನೆಯ ನಿಮಿಷ ಬಂತು. ಆ ಗೋಡೆಯ ಜಾಗ ಬಂತು. ಅಪ್ಪ ಅದೇ ಹೊತ್ತಿಗೆ ನರ್ಸಬಾಯಿಗೆ ಯಾವ ಊರು ಎಂದು ಕೇಳಿದ. ಅಂಕಲಗಿ ಎಂದಳು.

"ಅಂಕಲಗಿ? ಅಲ್ಲಿ ಹಳ್ಳದ ದಂಡಿ ಹೊಲದಾಗ ಎಷ್ಟ ಸಲ ಕುರಿ ನಿಂದರಿಸೇನಿ! ಆ ಹೊಲದವರು ಮುಂಜಾನಿ ಅಂದ್ರ ಒಂದು ತಂಬಗಿ ತುಂಬ ಮಜ್ಜಗಿ ಕೊಡ್ತಿದ್ರು. ಆ ಅಜ್ಜಿ ಈಗ..."

"ನಿಂದರ್ರಿ ಅಜ್ಜಾ, ಆರು ನಿಮಿಷ ಆತು."

"ಆತೇನು? ಇನ್ನ ಮಾತು ಮುಗದಿಲ್ಲಲ್ಲ ನಂದು!"

ಪಡಸಾಲೆಯೆಲ್ಲ ನಕ್ಕಿತು. ಬೆರಳಿನ ಯಂತ್ರ ಕೂಗಲಿಲ್ಲ. ಡಾಕ್ಟರು ಎದೆ ಕೇಳಿ, ಕಾಗದದ ಮೇಲೆ ಬರೆದು, ಷರತ್ತು ಹೇಳಿದರು. ದಿನಕ್ಕೆ ಅರ್ಧ ಹೊತ್ತು ಮಾತ್ರ ನಡಿಗೆ. ಗುಡ್ಡ ಏರುವಂತಿಲ್ಲ. ಗುಳಿಗೆ ತಪ್ಪಿಸುವಂತಿಲ್ಲ. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಎಲ್ಲದಕ್ಕೂ ಅಪ್ಪ ಆತ್ರಿ ಆತ್ರಿ ಎಂದ. ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತು ನಾನು ಅತ್ತೆ. ಅಪ್ಪ ನನ್ನ ಬೆನ್ನು ತಟ್ಟುತ್ತ, "ಅಳಬ್ಯಾಡ, ಪಾಸಾಗೀನಲ್ಲ" ಎಂದ.

ಹೊರಡುವ ದಿನ ಬೆಳಿಗ್ಗೆ ಗಂಟೆ ಮರಳಿಸಲು ನಾನೂ ತುಕ್ಕಾನಟ್ಟಿಗೆ ಹೋದೆ. ಬಿಸಿಲು ಕಬ್ಬಿನ ಬುಡದ ತನಕ ಇಳಿದಿತ್ತು. ಸಾಮಾನೆಲ್ಲ ಒಂದು ಸಣ್ಣ ಟೆಂಪೋದಲ್ಲಿ ಮುಂದೆ ಹೋಗಿತ್ತು. ಕುರಿಗಳು ರಸ್ತೆಯ ಬದಿಗೆ ಒತ್ತಾಗಿ ನಿಂತಿದ್ದವು. ಅಪ್ಪ ಕಂಬಳಿ ಹೊದ್ದು, ಬಡಿಗೆ ಹಿಡಿದು ತಯಾರಾಗಿದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ಶ್ರಾವಣದಿಂದ ಈಚೆಗೆ ನಾನು ನೋಡಿರಲಿಲ್ಲ.

"ಆ ಕುಂಟ ಕುರಿಗೆ ಕಟ್ಟು ಮತ್ತ" ಎಂದು ತಮ್ಮನಿಗೆ ಹೇಳಿದ.

"ಅದರ ಕಾಲು ನೆಟ್ಟಗಾಗೇತಿ ಅಪ್ಪಾ. ಈಗ ಎಲ್ಲಾಕಿಂತ ಮುಂದ ಓಡತೈತಿ."

ಗಂಟೆ ಕೈಯಲ್ಲಿ ಹಿಡಿದು ತಮ್ಮ ಹಿಂಡಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದ. ಆಮೇಲೆ ಅಪ್ಪನ ಮುಂದೆ ಮೊಣಕಾಲೂರಿ ಕೂತು, ಕಂಬಳಿ ಸರಿಸಿ, ಗಂಟೆಯನ್ನು ಅಪ್ಪನ ನಡುವಿಗೆ ಕಟ್ಟಿದ. ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ. ತಲೆ ಎತ್ತಲಿಲ್ಲ.

ನನಗೆ ಭಯವಾಯಿತು. ಅಪ್ಪನ ಸಿಟ್ಟು ನನ್ನ ಸಿಟ್ಟಿನ ತವರುಮನೆ. ಐವತ್ತು ವರ್ಷ ಮುಂದೆ ನಡೆದವನ ನಡುವಿಗೆ ಗಂಟೆ! ಅಪ್ಪ ಬಗ್ಗಿ ಅದನ್ನು ನೋಡಿದ. ಬೆರಳಿನಿಂದ ಒಮ್ಮೆ ತಟ್ಟಿ ಸದ್ದು ಕೇಳಿದ. ಆಮೇಲೆ ತನ್ನ ಬಡಿಗೆಯನ್ನು ತಮ್ಮನ ಕೈಗೆ ಕೊಟ್ಟ.

"ಹಂಗಾರ ಮುಂದ ನಡಿ. ಕಿವಿ ಹಿಂದಿಟ್ಟು ನಡಿ."

ತಮ್ಮ ಮುಂದೆ ಹೋದ. ಕುರಿ ಹೊರಟವು. ಅಪ್ಪ ಎಲ್ಲಕ್ಕಿಂತ ಹಿಂದೆ, ಟಣ್ ಟಣ್ ಎನ್ನುತ್ತ, ಕೊನೆಯ ಕುರಿಗೆ ಏನೋ ಹೇಳುತ್ತ ನಡೆದ. ರಸ್ತೆ ತುಸು ಏರುವಲ್ಲಿ ಅವನ ಹೆಜ್ಜೆ ಸಣ್ಣದಾಯಿತು, ಗಂಟೆಯ ಸದ್ದೂ ಸಣ್ಣದಾಯಿತು. ಅಷ್ಟು ದೂರದಲ್ಲಿ ತಮ್ಮ ಹಿಂದೆ ತಿರುಗಲಿಲ್ಲ. ಕಾಲು ಮಾತ್ರ ತಡೆದ. ಅವನ ಹಿಂದೆ ಇಡೀ ಹಿಂಡು ತಡೆಯಿತು.

ಸಾಲೆಗೆ ತಡವಾಗಿತ್ತು. ಪ್ರಾರ್ಥನೆ ಮುಗಿದಿರಬೇಕು. ನಾನು ಸ್ಕೂಟಿಯ ಪಕ್ಕ ನಿಂತೇ ಇದ್ದೆ. ಅಪ್ಪ ಇಪ್ಪತ್ತು ಹೆಜ್ಜೆ ನಡೆದು, ನಿಂತು, ಎಡಭುಜದ ಮೇಲಿಂದ ಹಿಂದೆ ತಿರುಗಿ ನೋಡಿದ. ಈಗ ಅವನ ಹಿಂದೆ ಕುರಿ ಒಂದೂ ಇರಲಿಲ್ಲ. ನಾನೊಬ್ಬಳೇ ಇದ್ದೆ.